ಮಿಕ್ಸ್ ದಾನಾದ ಕ್ರೇಟ್ ಮೂಲೆಯಲ್ಲೇ ಏಕೆ ಸೀಳುತ್ತದೆ?

ಪ್ರಶ್ನೆ: ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಿಂದ ಗುಜರಿಯವರ ಕೈಯಿಂದ ಗೊಬ್ಬರದ ಚೀಲ (ಪಿಪಿ, ಅಂದರೆ ಪಾಲಿಪ್ರೊಪಿಲೀನ್), ಎಚ್‌ಡಿ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಕ್ಯಾನು, ಕೆಲವು ಸಲ ನೈಲಾನ್ ಹಗ್ಗ ಬರುತ್ತದೆ. ತೊಳೆದು, ಪುಡಿ ಮಾಡಿ, ಸಿಂಗಲ್ ಸ್ಕ್ರೂ ಮಷಿನ್‌ನಲ್ಲಿ ದಾನಾ (ಪ್ಲಾಸ್ಟಿಕ್ ಕಾಳು) ಎಳೆದು, ಸಸಿ ಸಾಗಿಸುವ ಕ್ರೇಟ್ ಹೊಡೆಯುತ್ತೇವೆ. ಪಿಪಿ, ಎಚ್‌ಡಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಇರುತ್ತದೆ. ತುಂಬಿದ ಕ್ರೇಟ್ ಕೈತಪ್ಪಿ ಬಿದ್ದರೆ ತಳದ ಮೂಲೆ ಸೀಳುತ್ತದೆ, ಸೀಳಿದ ಜಾಗದಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಪದರ ಏಳುತ್ತದೆ. ಮೇಲಿಕ್ ಅನ್‌ಹೈಡ್ರೈಡ್ ಗ್ರಾಫ್ಟ್ (ಕಸಿ) ಮಾಡಿದ ಪಿಪಿಯನ್ನು ಕಾಂಪ್ಯಾಟಿಬಿಲೈಸರ್ (ಬೆರೆಯದ ಎರಡು ಪ್ಲಾಸ್ಟಿಕ್ ಹೊಂದಿಸುವ ವಸ್ತು) ಎಂದು ತಂದು 3% ಹಾಕಿದೆವು. ಏನೂ ವ್ಯತ್ಯಾಸ ಕಾಣಲಿಲ್ಲ. ಇನ್ನೂ ಜಾಸ್ತಿ ಹಾಕಬೇಕೆ?

ಉತ್ತರ: ಜಾಸ್ತಿ ಹಾಕಬೇಡಿ. 3% ಹಾಕಿದಾಗ ಆಗದ ಕೆಲಸ ಅದನ್ನೇ 10% ಹಾಕಿದರೂ ಆಗುವುದಿಲ್ಲ. ಅನ್‌ಹೈಡ್ರೈಡ್ ಎಂಬ ಆ ಕೊಕ್ಕೆ ಸಿಕ್ಕಿಕೊಳ್ಳಬೇಕಾದರೆ ಎದುರಿಗೆ ಒಂದು ಬಳೆ ಬೇಕು. ನೈಲಾನ್ ಸರಪಳಿಯ ತುದಿಯಲ್ಲಿರುವ ಅಮೀನ್ ಅಂಥ ಬಳೆ. ಗಾಜಿನ ನಾರು, ಮರದ ಪುಡಿಗಳ ಮೇಲ್ಮೈಯಲ್ಲಿರುವ ಹೈಡ್ರಾಕ್ಸಿಲ್ ಕೂಡ ಅಂಥದ್ದೇ. ಪಿಪಿಯಲ್ಲೂ ಎಚ್‌ಡಿಯಲ್ಲೂ ಇರುವುದು ಬರೀ ಇಂಗಾಲ, ಜಲಜನಕ. ಕೊಕ್ಕೆಗೆ ಹಿಡಿಯಲು ಅಲ್ಲಿ ಏನೂ ಇಲ್ಲ. ನೀವು ಹಾಕಿದ ವಸ್ತುವಿನ ಬೆನ್ನೆಲುಬು ಪಿಪಿಯೇ ಆದ್ದರಿಂದ ಅದು ಸುಮ್ಮನೆ ಪಿಪಿಯೊಳಗೆ ಕರಗಿ ಕೂತಿದೆ, ಎಚ್‌ಡಿಯ ಗಡಿಗೆ ಬಂದೇ ಇಲ್ಲ. ಇಂಥ ಗ್ರೇಡ್‌ಗಳು ಸಾಮಾನ್ಯವಾಗಿ ತುಂಬಾ ತೆಳುವಾಗಿ ಹರಿಯುತ್ತವೆ, ಸರಪಳಿ ಗಿಡ್ಡ. ಪ್ರಮಾಣ ಏರಿಸಿದಷ್ಟೂ ಕ್ರೇಟ್ ಇನ್ನಷ್ಟು ಪೆಡಸಾಗುವ ಸಂಭವವೇ ಹೆಚ್ಚು. ಆ ವಸ್ತು ಕೆಟ್ಟದ್ದಲ್ಲ. ಅದರ ಜಾಗ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಪಿಪಿ, ಎಚ್‌ಡಿ ಎರಡೂ ಒಂದೇ ಮನೆತನದವು, ಬೆರೆಯುವುದಕ್ಕೇನು ಕಷ್ಟ ಎನ್ನಿಸುವುದು ಸಹಜ. ಸಣ್ಣ ಅಣುಗಳಾಗಿದ್ದರೆ ಬೆರೆಯುತ್ತಿದ್ದವು. ಪೆಟ್ರೋಲು, ಸೀಮೆಎಣ್ಣೆ ಬೆರೆಯುತ್ತವೆ, ಏಕೆಂದರೆ ಅಲ್ಲಿ ಪ್ರತಿ ಅಣುವೂ ಬಿಡಿಬಿಡಿಯಾಗಿ ಎಲ್ಲಿ ಬೇಕಾದರೂ ಓಡಾಡಬಹುದು. ಪಾಲಿಮರ್‌ನಲ್ಲಿ ಸಾವಿರಾರು ಘಟಕಗಳು ಒಂದೇ ದಾರಕ್ಕೆ ಪೋಣಿಸಿದ ಮಣಿಗಳ ಹಾಗಿರುತ್ತವೆ. ಕಲೆತು ಚದುರುವುದರಿಂದ ಸಿಗುವ ಲಾಭ ಅಲ್ಪ, ಒಂದಕ್ಕೊಂದು ಆಗದಿರುವಿಕೆ ಒಂದಿಷ್ಟಿದ್ದರೂ ಬೇರೆಯಾಗಿಬಿಡುತ್ತವೆ. ಪಿಪಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಒಂದು ಮೀಥೈಲ್ ಗುಂಪು ಜೋತುಬಿದ್ದಿದೆ. ಬೇರೆಯಾಗಲು ಅಷ್ಟು ವ್ಯತ್ಯಾಸವೇ ಸಾಕು. ಪಿಪಿಒ (ಪಾಲಿಫಿನೈಲೀನ್ ಆಕ್ಸೈಡ್) ಮತ್ತು ಪಾಲಿಸ್ಟೈರೀನ್ ಜೋಡಿಯ ಹಾಗೆ ಅಣುಮಟ್ಟದಲ್ಲೇ ಒಂದಾಗುವಂಥವು ಬೆರಳೆಣಿಕೆಯಷ್ಟು. ಆ ಜೋಡಿಯೇ 1960ರ ದಶಕದಲ್ಲಿ ನೋರಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಉಳಿದ ಬಹುತೇಕ ಮಿಶ್ರಣಗಳಲ್ಲಿ ಒಂದರೊಳಗೆ ಇನ್ನೊಂದು ಹನಿಹನಿಯಾಗಿ ಇರುತ್ತದೆ. ಆದ್ದರಿಂದ ಪಿಪಿ, ಎಚ್‌ಡಿಯನ್ನು ಒಂದು ಮಾಡಲು ಹೊರಡಬೇಡಿ. ಹನಿಗಳು ಒಂದು ಮೈಕ್ರಾನ್ ಆಸುಪಾಸಿಗೆ ಸಣ್ಣದಾಗಬೇಕು, ಅವುಗಳ ಗಡಿ ಸುತ್ತಲಿನ ಮಾಲಿಗೆ ಭದ್ರವಾಗಿ ಅಂಟಬೇಕು, ಅಚ್ಚಿನಲ್ಲಿ ತಣಿಯುವ ತನಕ ಮತ್ತೆ ಸೇರಿ ದಪ್ಪವಾಗಬಾರದು. ಮಾಡಬೇಕಾದ ಕೆಲಸ ಇಷ್ಟೇ.

ಮೊದಲು ಮುರಿದ ತುಂಡನ್ನು ನೋಡಿ. ಸೀಳಿದ ಮೂಲೆಯಿಂದ ಎರಡು ಬೆರಳಗಲದ ತುಂಡು ಕತ್ತರಿಸಿ, ಬ್ಲೇಡಿನಿಂದ ಒಂದು ಗೀರು ಹಾಕಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಹೊರತೆಗೆದ ಕೂಡಲೇ ಇಕ್ಕಳದಲ್ಲಿ ಹಿಡಿದು ಫಟ್ಟನೆ ಮುರಿಯಿರಿ. ಗಡಿಯಾರ ರಿಪೇರಿಯವರು ಬಳಸುವಂಥ ಹತ್ತುಪಟ್ಟು ಲೆನ್ಸ್‌ನಲ್ಲಿ ಮುರಿದ ಮುಖವನ್ನು ಓರೆ ಬೆಳಕಿಗೆ ಹಿಡಿಯಿರಿ. ನಾರುನಾರಾಗಿ, ಹಾಳೆಹಾಳೆಯಾಗಿ ಬಿಡಿಸಿಕೊಂಡರೆ ಎರಡೂ ಮಾಲು ಉದ್ದುದ್ದ ಎಳೆಗಳಾಗಿ ಹೆಣೆದುಕೊಂಡಿವೆ, ಅಂಟಿಕೊಂಡಿಲ್ಲ ಎಂದರ್ಥ. ಅರ್ಧಕ್ಕರ್ಧ ಹಾಕಿದಾಗ ಕಾಣುವುದು ಇದೇ. ನುಣುಪಾದ ಗುಳಿ, ಪಕ್ಕದಲ್ಲಿ ಗುಂಡು ಕಾಳು ಕಂಡರೆ ಹನಿ ಪೂರ್ತಿ ಕಿತ್ತು ಬಂದಿದೆ. ಕಂದು ಚುಕ್ಕೆ ಇದ್ದರೆ ಪಿವಿಸಿ ಸುಟ್ಟಿದೆ, ಇಲ್ಲವೇ ಬ್ಯಾರೆಲ್‌ನಲ್ಲಿ (ಸ್ಕ್ರೂ ತಿರುಗುವ ಬಿಸಿ ಕೊಳವೆ) ಹಳೇ ಮಾಲು ಕೂತು ಕರಕಲಾಗಿದೆ. ಕಲ್ಲುಸಕ್ಕರೆಯ ಹಾಗೆ ಹೊಳೆಯುವ ಕರಗದ ತುಣುಕು ಇದ್ದರೆ ಅದು ನೈಲಾನ್ ಅಥವಾ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್). ಒಂದು ಮೈಕ್ರಾನಿನ ಹನಿ ಈ ಲೆನ್ಸಿಗೆ ಕಾಣುವುದೇ ಇಲ್ಲ. ನಿಮಗೆ ಕಾಳು ಕಾಣಿಸಿತು ಎಂದರೆ ಅದು ಇರಬೇಕಾದುದಕ್ಕಿಂತ ಹತ್ತಾರು ಪಟ್ಟು ದಪ್ಪವಾಗಿದೆ.

ಆಮೇಲೆ ಏನೇನು ಒಳಗೆ ಹೋಗುತ್ತಿದೆ ಎಂಬ ಲೆಕ್ಕ. ನೀರಿನ ತೊಟ್ಟಿಯಲ್ಲಿ ಪಿಪಿ (ಸಾಂದ್ರತೆ ಸುಮಾರು 0.90), ಎಲ್‌ಡಿ, ಅಂದರೆ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್ (0.92), ಎಚ್‌ಡಿ (0.95) ಮೂರೂ ತೇಲುತ್ತವೆ. ನೈಲಾನ್ (1.13), ಪಿವಿಸಿ, ಪೆಟ್ ಮುಳುಗುತ್ತವೆ. ಅಂಗಡಿಯಲ್ಲಿ ನೈಲಾನ್ ಹಗ್ಗ ಎಂದು ಮಾರುವುದು ಬಹಳ ಸಲ ಪಿಪಿ ಅಥವಾ ಎಚ್‌ಡಿ ಹಗ್ಗವೇ ಆಗಿರುತ್ತದೆ. ಒಂದು ಗೇಣು ಕತ್ತರಿಸಿ ಎಳೆ ಬಿಚ್ಚಿ, ಗಾಳಿಗುಳ್ಳೆ ಹೋಗುವಂತೆ ಬೆರಳಲ್ಲಿ ಹಿಸುಕಿ ನೀರಿಗೆ ಹಾಕಿ. ತೇಲಿದರೆ ನೈಲಾನ್ ಅಲ್ಲ. ನಿಜವಾದ ನೈಲಾನ್ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಪಿವಿಸಿಯನ್ನು ಕೆಂಪಗೆ ಕಾದ ತಾಮ್ರದ ತಂತಿಗೆ ಮುಟ್ಟಿಸಿ ಜ್ವಾಲೆಗೆ ಹಿಡಿದರೆ ಹಸಿರು ಬಣ್ಣ ಏಳುತ್ತದೆ. ಈ ಪರೀಕ್ಷೆಯನ್ನು ಬಯಲಿನಲ್ಲಿ ಮಾಡಿ, ಹೊಗೆ ಕುಡಿಯಬೇಡಿ.

ಪಿಪಿಯನ್ನು ಎಚ್‌ಡಿಯಿಂದ ಗುರುತಿಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರನ್ನು ಹೈಡ್ರೊಮೀಟರ್ ನೋಡಿಕೊಂಡು 0.93ಕ್ಕೆ ಬೆರೆಸುವ ಪದ್ಧತಿಯಿದೆ. ಪಿಪಿ ತೇಲುತ್ತದೆ, ಎಚ್‌ಡಿ ಮುಳುಗುತ್ತದೆ. ಗೊಬ್ಬರದ ಚೀಲದ ವಿಷಯದಲ್ಲಿ ಇದು ಮೋಸ ಮಾಡುತ್ತದೆ. ನೇಯ್ದ ಚೀಲದ ಪಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುವ ರೂಢಿಯಿದೆ. 5% ಇದ್ದರೆ ಪಿಪಿಯ ಸಾಂದ್ರತೆ 0.936ಕ್ಕೂ, 10% ಇದ್ದರೆ 0.97ಕ್ಕೂ ಏರಿ ಎಚ್‌ಡಿಯ ಜೊತೆ ಮುಳುಗಿಬಿಡುತ್ತದೆ. ಇದಕ್ಕಿಂತ ನಂಬಬಹುದಾದದ್ದು ಬಿಸಿ ತಟ್ಟೆ. ತಟ್ಟೆಯನ್ನು 150 ಡಿಗ್ರಿಗೆ ನಿಲ್ಲಿಸಿ ಚೂರುಗಳನ್ನಿಟ್ಟು ಎರಡು ನಿಮಿಷ ಬಿಟ್ಟು ಚಾಕುವಿನ ಮೊನೆಯಿಂದ ಎಳೆಯಿರಿ. ಎಚ್‌ಡಿ 130ರಿಂದ 135ರಲ್ಲೇ ಕರಗುವುದರಿಂದ ಮೇಣದ ಹಾಗೆ ಬಳಿದುಕೊಳ್ಳುತ್ತದೆ. ಚೀಲದ ಪಿಪಿ 160 ದಾಟುವ ತನಕ ಗಟ್ಟಿ ನಿಲ್ಲುತ್ತದೆ. ಚೀಲದೊಳಗಿನ ಲೈನರ್ ಎಲ್‌ಡಿ, 110ರ ಸುಮಾರಿಗೆ ಮೆತ್ತಗಾಗುತ್ತದೆ. ಎಷ್ಟೋ ಕಡೆ ಲೈನರ್ ಬಿಚ್ಚದೆ ಗ್ರೈಂಡರ್‌ಗೆ ಹಾಕುತ್ತಾರೆ, ತಮಗೇ ತಿಳಿಯದೆ ಮೂರನೇ ಪ್ಲಾಸ್ಟಿಕ್ ಸೇರಿಸುತ್ತಾರೆ.

ತೋಟದ ಮಾಲಿನಲ್ಲಿ ಇನ್ನೊಂದು ಅಪಾಯವಿದೆ, ಮಲೆನಾಡಿನ ಘಟಕಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು: ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಸಲ್ಫೇಟ್). ತಾಮ್ರದ ಅಯಾನು ಪಿಪಿಯ ಪರಮ ವೈರಿ, ಬಿಸಿಯಲ್ಲಿ ಸರಪಳಿ ತುಂಡಾಗುವ ಕ್ರಿಯೆಯನ್ನು ಹಲವು ಪಟ್ಟು ಚುರುಕು ಮಾಡುತ್ತದೆ. ಮೈಲುತುತ್ತ ಬಂದ ಚೀಲ, ಸಿಂಪಡಣೆಯ ನೀಲಿ ಕಲೆ ಹಿಡಿದ ಟಾರ್ಪಾಲು, ಡ್ರಮ್ಮು ಕಂಡರೆ ಬೇರೆ ಇಡಿ. ಒಂದು ಬ್ಯಾಚಿಗೆ ಅಂಥ ನಾಲ್ಕು ಚೀಲ ಬಿದ್ದರೂ, ಹೊಡೆದ ದಿನ ಚೆನ್ನಾಗಿದ್ದ ಕ್ರೇಟ್ ಬಿಸಿಲಲ್ಲಿ ಕೆಲವೇ ತಿಂಗಳಿಗೆ ಪುಡಿಯಾಗಬಹುದು. ಗೊಬ್ಬರದ ಉಳಿಕೆಯೂ ತೊಂದರೆಯೇ. ಪೊಟ್ಯಾಷ್, ಡಿಎಪಿ ಹೋಗಿದೆಯೇ ಎಂದು ಕೊನೆಯ ತೊಳೆ ನೀರನ್ನು ಟಿಡಿಎಸ್ ಮೀಟರ್‌ನಲ್ಲಿ ನೋಡಿ, ನಲ್ಲಿ ನೀರಿನ ಅಂಕಿಗೆ ಹತ್ತಿರ ಬರುವ ತನಕ ತೊಳೆಯಿರಿ. ಯೂರಿಯಾ ಮಾತ್ರ ಆ ಮೀಟರ್‌ಗೆ ಸಿಗುವುದಿಲ್ಲ, ಅದು ನೀರಿನಲ್ಲಿ ಅಯಾನಾಗಿ ಒಡೆಯುವುದಿಲ್ಲ. ಬ್ಯಾರೆಲ್ ಬಾಯಲ್ಲಿ ಅಮೋನಿಯದ ಘಾಟು ಬಂದರೆ ಯೂರಿಯಾ ಉಳಿದಿದೆ. ಕೀಟನಾಶಕದ ಕ್ಯಾನುಗಳನ್ನು ಈ ಕೆಲಸಕ್ಕೆ ತೆಗೆದುಕೊಳ್ಳಲೇಬೇಡಿ. ವಿಷದ ಮಾತು ಒಂದು ಕಡೆಯಾದರೆ, ಅವುಗಳಲ್ಲಿ ಕೆಲವಕ್ಕೆ ಒಳಗೆ ನೈಲಾನ್ ಪದರ ಇರುತ್ತದೆ. ಕ್ರೇಟ್ ಸಸಿಗೆಂದು ಮಾರಿದರೂ ನಾಳೆ ಅದರಲ್ಲಿ ತರಕಾರಿ ತುಂಬುತ್ತಾರೆ.

ಈಗ ನಿಜವಾದ ವಿಷಯಕ್ಕೆ ಬರೋಣ. ರಾಗಿ ಮುದ್ದೆ ಕಟ್ಟುವವರಿಗೆ ಇದು ಗೊತ್ತು: ತೆಳು ಎಸರಿನಲ್ಲಿ ಗಟ್ಟಿ ಗಂಟು ತೇಲುತ್ತಿದ್ದರೆ ಎಷ್ಟು ಕಲಕಿದರೂ ಗಂಟು ಸುತ್ತುತ್ತಲೇ ಇರುತ್ತದೆ, ಒಡೆಯುವುದಿಲ್ಲ. ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಅರೆದಾಗಲೇ ಒಡೆಯುವುದು. ಬ್ಯಾರೆಲ್‌ನಲ್ಲೂ ಹಾಗೇ. ಹನಿಯ ಸ್ನಿಗ್ಧತೆ ಸುತ್ತಲಿನ ಮಾಲಿಗಿಂತ ಸುಮಾರು ನಾಲ್ಕು ಪಟ್ಟು ಮೀರಿದರೆ ಬರೀ ಉಜ್ಜುವ ಹರಿವಿನಲ್ಲಿ ಅದು ಉರುಳುತ್ತದೆಯೇ ಹೊರತು ಒಡೆಯುವುದಿಲ್ಲ. ನಿಮ್ಮ ಎಚ್‌ಡಿ ಕ್ಯಾನು ಬ್ಲೋ ಮೌಲ್ಡಿಂಗ್ ಗ್ರೇಡ್. ಅದರ ಎಂಎಫ್‌ಐ (ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಂಕಿ) 190 ಡಿಗ್ರಿಯಲ್ಲಿ 0.3ರ ಆಸುಪಾಸು, ಅಂದರೆ ಹರಿಯುವುದೇ ಕಷ್ಟ. ಚೀಲದ ಪಿಪಿ ಹೊಸದಿದ್ದಾಗ 230 ಡಿಗ್ರಿಯಲ್ಲಿ 3ರ ಸುತ್ತ ಇರುತ್ತದೆ, ಬಿಸಿಲು ಕಂಡು ಒಂದೆರಡು ಸಲ ಮಷಿನ್ ದಾಟಿದ ಮೇಲೆ ಇನ್ನೂ ತೆಳುವಾಗುತ್ತದೆ. ತೆಳು ಎಸರಿನಲ್ಲಿ ಗಟ್ಟಿ ಗಂಟು ಎಂದರೆ ಇದೇ. ಕಾಂಪ್ಯಾಟಿಬಿಲೈಸರ್ ಯಾವುದೇ ಹಾಕಿ, ಈ ಅಂತರವನ್ನು ಅದೊಂದೇ ಮುಚ್ಚಲಾರದು.

ಪಿಪಿಯ ಅಂಕಿ 230ರಲ್ಲೂ ಪಾಲಿಎಥಿಲೀನಿನ ಅಂಕಿ 190ರಲ್ಲೂ ಅಳೆಯುವುದು ರೂಢಿ, ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬಾರದು. ಪರೀಕ್ಷೆಗೆ ಕೊಡುವಾಗ ಎರಡನ್ನೂ 230ರಲ್ಲಿ, 2.16 ಕೆಜಿ ಭಾರದಲ್ಲಿ ಅಳೆದುಕೊಡಿ ಎಂದು ಬರೆದುಕೊಡಿ.

ಚೆನ್ನಾಗಿ ಬೆರೆಯಲಿ ಎಂದು ಬಿಸಿ ಏರಿಸುವ ಅಭ್ಯಾಸ ಎಲ್ಲ ಘಟಕಗಳಲ್ಲೂ ಇದೆ, ಅದು ತಲೆಕೆಳಗಾದ ಉಪಾಯ. ಬಿಸಿ ಏರಿದಂತೆ ಪಿಪಿ ತೆಳುವಾಗುವಷ್ಟು ಎಚ್‌ಡಿ ತೆಳುವಾಗುವುದಿಲ್ಲ. ಎಸರು ಇನ್ನೂ ತೆಳು, ಗಂಟು ಹೆಚ್ಚುಕಡಿಮೆ ಹಾಗೇ. ಅದರ ಮೇಲೆ 240 ದಾಟಿದರೆ ಪಿಪಿಯ ಸರಪಳಿ ತುಂಡಾಗಿ ತೆಳುವಾಗುತ್ತದೆ, ಪಾಲಿಎಥಿಲೀನಿನಲ್ಲಿ ಸರಪಳಿಗಳು ಅಡ್ಡಕ್ಕೆ ಬೆಸೆದು ಗಟ್ಟಿಯಾಗುವ ಪ್ರವೃತ್ತಿ. ಪ್ರತಿ ಸಲ ಮರುಬಳಕೆಯಾದಾಗಲೂ ಎರಡರ ಅಂತರ ಹಿಗ್ಗುತ್ತದೆ. ಪೆರಾಕ್ಸೈಡ್ ಹಾಕಿ ಸರಿಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಅದು ಮಾಡುವುದೂ ಇದನ್ನೇ, ಇನ್ನೂ ಬೇಗ.

ಹಾಗಾಗಿ ನನ್ನ ಮೊದಲ ಸಲಹೆ ಖರ್ಚಿಲ್ಲದ್ದು: ಕ್ಯಾನಿನ ಎಚ್‌ಡಿಯನ್ನು ಕ್ರೇಟಿಗೆ ಹಾಕಬೇಡಿ. ಪೈಪು, ಕ್ಯಾನು ಮಾಡುವವರಿಗೆ ಆ ಗಟ್ಟಿ ಎಚ್‌ಡಿಯೇ ಬೇಕು. ಅವರಿಗೆ ಕೊಟ್ಟು, ಬದಲಿಗೆ ಒಡೆದ ಕ್ರೇಟು, ಮುಚ್ಚಳದಂಥ ಇಂಜೆಕ್ಷನ್ ಎಚ್‌ಡಿ ತೆಗೆದುಕೊಳ್ಳಿ. ಅದರ ಎಂಎಫ್‌ಐ ಸಾಮಾನ್ಯವಾಗಿ 5ರಿಂದ 20ರೊಳಗೆ ಇರುತ್ತದೆ, ಚೀಲದ ಪಿಪಿಗೆ ಹೊಂದುತ್ತದೆ. ಎರಡನೆಯದು, ಅರ್ಧಕ್ಕರ್ಧ ಬಿಡಿ. ಎರಡರಲ್ಲಿ ಯಾವುದಾದರೂ ಒಂದು ಮನೆಯ ಯಜಮಾನನಾಗಬೇಕು. ಎಳೆ ಎಳೆ ಹೆಣೆದುಕೊಳ್ಳುವ ಮಧ್ಯದ ಪಟ್ಟಿ ಅತ್ಯಂತ ಅಸ್ಥಿರ. ಯಾವುದು ಹೊರಗಿನ ಮಾಲಾಗುತ್ತದೆ ಎಂಬುದು ತೂಕದಿಂದ ಮಾತ್ರ ತೀರ್ಮಾನವಾಗುವುದಿಲ್ಲ, ತೆಳುವಾಗಿ ಹರಿಯುವುದೇ ಹೊರಗೆ ಬರಲು ನೋಡುತ್ತದೆ. ಗುಜರಿ ಬದಲಾದ ಹಾಗೆ ಸ್ನಿಗ್ಧತೆ ಬದಲಾಗಿ, ನಿನ್ನೆ ಗಟ್ಟಿ ಬಂದ ಕ್ರೇಟ್ ಇಂದು ಸೀಳುವುದು ಇದರಿಂದಲೇ. 80:20 ಇಟ್ಟುಕೊಂಡರೆ ಸಣ್ಣ ಏರುಪೇರು ನಿಮ್ಮನ್ನು ಆ ಪಟ್ಟಿಗೆ ತಳ್ಳುವುದಿಲ್ಲ.

ಇಷ್ಟಾದ ಮೇಲೆ ಕಾಂಪ್ಯಾಟಿಬಿಲೈಸರ್. ಪಿಪಿ-ಎಚ್‌ಡಿ ಜೋಡಿಗೆ ಬೇಕಾದದ್ದು ರಾಸಾಯನಿಕ ಕೊಕ್ಕೆಯಲ್ಲ. ಎರಡೂ ಕಡೆ ತಕ್ಕಮಟ್ಟಿಗೆ ಸಲ್ಲುವ, ಗಡಿಯಲ್ಲಿ ಹೋಗಿ ಕೂರುವ ಮೆತ್ತನೆಯ ಓಲೆಫಿನ್ ರಬ್ಬರ್. ಸುಲಭವಾಗಿ ಸಿಗುವುದು ಪಿಒಇ, ಅಂದರೆ ಎಥಿಲೀನ್-ಆಕ್ಟೀನ್ ಕೋಪಾಲಿಮರ್, ಸಾಂದ್ರತೆ 0.87ರ ಸುತ್ತ. ಇಪಿಆರ್, ಇಪಿಡಿಎಂ ಎಂಬ ಎಥಿಲೀನ್-ಪ್ರೊಪಿಲೀನ್ ರಬ್ಬರ್ ಕೂಡ ಆಗುತ್ತವೆ. ಓಲೆಫಿನ್ ಬ್ಲಾಕ್ ಕೋಪಾಲಿಮರ್ ಒಳ್ಳೆಯದು, ಬೆಲೆ ಹೆಚ್ಚು. ಇವು ಎಚ್‌ಡಿ ಹನಿಯ ಸುತ್ತ ಸಿಪ್ಪೆಯ ಹಾಗೆ ಆವರಿಸಿಕೊಳ್ಳುತ್ತವೆ, ಹನಿಗಳು ಮತ್ತೆ ಒಂದಾಗದಂತೆ ತಡೆಯುತ್ತವೆ, ಪೆಟ್ಟು ಬಿದ್ದಾಗ ತಾವು ಹಿಗ್ಗಿ ಬಿರುಕನ್ನು ಅಲ್ಲೇ ನಿಲ್ಲಿಸುತ್ತವೆ. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನೆಸೋಟಾ ವಿಶ್ವವಿದ್ಯಾಲಯಗಳವರು ಪಿಪಿ, ಪಾಲಿಎಥಿಲೀನ್ ತುಂಡುಗಳನ್ನು ಒಂದೇ ಸರಪಳಿಯಲ್ಲಿ ಸರದಿಯಂತೆ ಜೋಡಿಸಿದ ಪಾಲಿಮರ್ ಮಾಡಿ, 1ರಿಂದ 5% ಬೆರೆಸಿದರೆ ಪೆಡಸು ಮಿಶ್ರಣ ಗಟ್ಟಿಮುಟ್ಟಾಗುವುದನ್ನು ತೋರಿಸಿದರು. ಗಡಿಯನ್ನು ದಾಟಿ ಎರಡೂ ಕಡೆ ಬೇರು ಬಿಡುವ ಸರಪಳಿ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ನಿಮ್ಮ ಕ್ರೇಟಿಗೆ ಸದ್ಯಕ್ಕೆ ಪಿಒಇ ಸಾಕು.

25 ಕೆಜಿಯ ಟ್ರಯಲ್ ಹೀಗೆ ಮಾಡಿ: ಚೀಲದ ಪಿಪಿ 18.5 ಕೆಜಿ, ಇಂಜೆಕ್ಷನ್ ಎಚ್‌ಡಿ 4.5 ಕೆಜಿ, ಪಿಒಇ 2 ಕೆಜಿ. ಅದಕ್ಕೆ 1010 ಮತ್ತು 168 ಎಂಬ ಗ್ರೇಡಿನ ಆ್ಯಂಟಿಆಕ್ಸಿಡೆಂಟ್ (ಬಿಸಿಯಲ್ಲಿ ಸರಪಳಿ ತುಂಡಾಗುವುದನ್ನು ತಡೆಯುವ ಪುಡಿ) ಸಮಪಾಲು ಒಟ್ಟು 40 ಗ್ರಾಂ. ಪುಡಿ ತಳಕ್ಕೆ ಇಳಿಯದಿರಲು ಮೊದಲು 25 ಮಿಲಿ ವೈಟ್ ಆಯಿಲ್‌ನಲ್ಲಿ ಚೂರುಗಳನ್ನು ಹೊರಳಿಸಿ ಆಮೇಲೆ ಉದುರಿಸಿ. ಕ್ರೇಟ್ ಬಿಸಿಲಲ್ಲಿ ಇರುವಂಥದ್ದು, ಆದ್ದರಿಂದ 50% ಕಪ್ಪಿರುವ ಕಾರ್ಬನ್ ಬ್ಲ್ಯಾಕ್ ಮಾಸ್ಟರ್‌ಬ್ಯಾಚ್ 1.25 ಕೆಜಿ. ಅಂತಿಮ ಮಾಲಿನಲ್ಲಿ ಕಪ್ಪು ಸುಮಾರು 2.4% ಆಗುತ್ತದೆ. ಇದೇ ಕ್ರಮದಲ್ಲಿ ಪಿಒಇಯನ್ನು 0, 3, 5, 8, 12% ಮಾಡಿ ಐದು ಬ್ಯಾಚ್ ಹೊಡೆಯಿರಿ. ಶೂನ್ಯದ ಬ್ಯಾಚ್ ಬಿಡಬೇಡಿ, ಅದಿಲ್ಲದೆ ಉಳಿದವುಗಳ ಅಂಕಿಗೆ ಅರ್ಥವಿಲ್ಲ. ಪಿಒಇ ಏರಿದಂತೆ ಪೆಟ್ಟು ತಡೆಯುವ ಶಕ್ತಿ ಏರುತ್ತದೆ, ಬಿಗಿತ ಇಳಿಯುತ್ತದೆ. ಒಂದರ ಮೇಲೊಂದು ಏಳೆಂಟು ಕ್ರೇಟ್ ಪೇರಿಸಿ ಲಾರಿಯಲ್ಲಿ ಶಿರಾಡಿ ಘಾಟಿ ಇಳಿಸುವವರಿಗೆ ಬಿಗಿತವೂ ಮುಖ್ಯ. 10% ಮೀರಿದರೆ ತಳದ ಕ್ರೇಟಿನ ಗೋಡೆ ದಿನ ಕಳೆದಂತೆ ಉಬ್ಬತೊಡಗುತ್ತದೆ.

ಪಿಒಇ ದುಬಾರಿ ಎನ್ನಿಸಿದರೆ ಇನ್ನೊಂದು ದಾರಿ ಇದೆ, ಸಣ್ಣ ಘಟಕಕ್ಕೆ ನನಗೆ ಇದೇ ಹೆಚ್ಚು ಸರಿ ಕಾಣುತ್ತದೆ. ಬಣ್ಣದ ಡಬ್ಬಿಗಳು ಹೆಚ್ಚಾಗಿ ಪಿಪಿಸಿಪಿಯವು, ಅಂದರೆ ಕಾರ್ಖಾನೆಯಲ್ಲೇ ಎಥಿಲೀನ್-ಪ್ರೊಪಿಲೀನ್ ರಬ್ಬರ್ ಒಳಗೆ ಬೆಳೆಸಿದ ಪಿಪಿ. ಆ ರಬ್ಬರೇ ನಿಮಗೆ ಬೇಕಾದ ಮಧ್ಯಸ್ಥ. ಚೀಲದ ಪಿಪಿ 12 ಕೆಜಿ, ಡಬ್ಬಿಯ ಪಿಪಿಸಿಪಿ 7.5, ಎಚ್‌ಡಿ 4.5, ಪಿಒಇ 1 ಕೆಜಿ ಎಂದು ಒಂದು ಬ್ಯಾಚ್ ಹಾಕಿ ನೋಡಿ. ನೀರಿನ ಎಮಲ್ಷನ್ ಬಣ್ಣದ ಡಬ್ಬಿ ಮಾತ್ರ ತೆಗೆದುಕೊಳ್ಳಿ, ಒಣಗಿದ ಬಣ್ಣದ ಪೊರೆಯನ್ನು ಪೂರ್ತಿ ಕಿತ್ತುಹಾಕಿ. ಬ್ಯಾಟರಿ ಡಬ್ಬಿಯೂ ಪಿಪಿಸಿಪಿಯೇ, ಆದರೆ ಸೀಸದ ಪುಡಿ ಹೋಗುವುದಿಲ್ಲ. ಅದು ಬೇಡವೇ ಬೇಡ. ಮಂಗಳೂರಿನಿಂದ ಹೊಸ ಪಿಪಿ ತರಿಸಿ ಬೆರೆಸುವವರು ಗ್ರೇಡ್ ಕೇಳಿಕೊಳ್ಳಿ: ಹೋಮೊಪಾಲಿಮರ್ ಬಿಗಿತ ಕೊಡುತ್ತದೆ, ಪೆಟ್ಟು ತಡೆಯುವುದಕ್ಕೆ ನೆರವಾಗುವುದಿಲ್ಲ.

ಮಷಿನ್ ವಿಷಯ. ಸಿಂಗಲ್ ಸ್ಕ್ರೂ ಕರಗಿಸಿ ತಳ್ಳುವುದರಲ್ಲಿ ನಿಪುಣ, ಬೆರೆಸುವುದರಲ್ಲಿ ದುರ್ಬಲ. ಟ್ವಿನ್ ಸ್ಕ್ರೂ ಸಿಕ್ಕರೆ ಜಾಬ್‌ವರ್ಕ್ ಕೊಡಿ. ಇಲ್ಲವಾದರೆ ಎರಡು ಪಾಸ್ ಮಾಡಿ: ಮೊದಲು ಎಚ್‌ಡಿ ಮತ್ತು ಪಿಒಇ ಎರಡನ್ನೇ ಬೆರೆಸಿ ದಾನಾ ಎಳೆಯಿರಿ, ಅದನ್ನು ಎರಡನೇ ಪಾಸ್‌ನಲ್ಲಿ ಪಿಪಿಗೆ ಹಾಕಿ. ರಬ್ಬರ್ ಆಗಲೇ ಎಚ್‌ಡಿಯ ಮೈಗೆ ಹತ್ತಿರವಿರುವುದರಿಂದ ಗಡಿಗೆ ಬರುವುದು ಸುಲಭವಾಗುತ್ತದೆ. ಆ್ಯಂಟಿಆಕ್ಸಿಡೆಂಟಿನ ಅರ್ಧ ಮೊದಲ ಪಾಸ್‌ಗೆ, ಅರ್ಧ ಎರಡನೆಯದಕ್ಕೆ. ಬ್ಯಾರೆಲ್ 170, 185, 195, 200, ಡೈ 200. ಸ್ಕ್ರೂ ತುದಿಗೆ ಮ್ಯಾಡಾಕ್ ಮಾದರಿಯ ಮಿಕ್ಸಿಂಗ್ ತುಂಡು ಕೂರಿಸಿದರೆ ಮಾಲು ಕಿರಿದಾದ ಸಂದಿಯಲ್ಲಿ ಹಿಂಡಿಕೊಂಡು ಹೋಗಬೇಕಾಗುತ್ತದೆ. ಮುದ್ದೆಯ ಗಂಟನ್ನು ಗೋಡೆಗೆ ಅರೆದ ಹಾಗೆ. 40-80-40 ಮೆಶ್ ಜಾಲರಿ ಇರಲಿ. ಮುಂಗಾರಿನಲ್ಲಿ ಚೂರುಗಳನ್ನು ಬಿಸಿಗಾಳಿಯಲ್ಲಿ 80 ಡಿಗ್ರಿಗೆ ಎರಡು ತಾಸು ಒಣಗಿಸಿ. ಪಿಪಿ ನೀರು ಕುಡಿಯುವುದಿಲ್ಲ, ನೇಯ್ಗೆಯ ಮಡಿಕೆಯೊಳಗೆ ನೀರು ನಿಂತಿರುತ್ತದೆ. ಕಾರ್ಬನ್ ಬ್ಲ್ಯಾಕ್ ತೇವ ಹೀರುತ್ತದೆ.

ದಾನಾ ನೋಡಿದರೆ ಚೆನ್ನಾಗಿತ್ತು, ಕ್ರೇಟ್ ಮಾತ್ರ ಕೆಟ್ಟಿತು ಎಂಬ ದೂರು ಸಾಮಾನ್ಯ. ಡೈಯಿಂದ ಬಂದ ಎಳೆ ನೀರಿಗೆ ಬಿದ್ದ ಕೂಡಲೇ ಹನಿಗಳು ಸಣ್ಣದಿದ್ದ ಸ್ಥಿತಿಯಲ್ಲೇ ಹೆಪ್ಪುಗಟ್ಟಿರುತ್ತವೆ. ಇಂಜೆಕ್ಷನ್ ಬ್ಯಾರೆಲ್‌ನಲ್ಲಿ ಮತ್ತೆ ಕರಗಿ ನಿಂತಾಗ ಗಡಿಯಲ್ಲಿ ರಬ್ಬರ್ ಇಲ್ಲದಿದ್ದರೆ ಒಂದನ್ನೊಂದು ನುಂಗಿ ದಪ್ಪವಾಗುತ್ತವೆ. ಊಟಕ್ಕೆ ಹೋಗುವಾಗ ಬ್ಯಾರೆಲ್ ತುಂಬಿಟ್ಟು ಹೋಗಬೇಡಿ. ಬಂದ ಮೇಲಿನ ಮೊದಲ ಮೂರು ನಾಲ್ಕು ಶಾಟ್ ಪಕ್ಕಕ್ಕೆ ಹಾಕಿ. ಇಂಜೆಕ್ಷನ್ ಬಿಸಿ 210 ಸಾಕು, ಬ್ಯಾಕ್ ಪ್ರೆಶರ್ ಸ್ವಲ್ಪ ಇರಲಿ, ತುಂಬುವ ವೇಗ ಮಧ್ಯಮವಾಗಿರಲಿ. ಅತಿ ವೇಗದಲ್ಲಿ ಗೇಟಿನ (ಮಾಲು ಅಚ್ಚಿಗೆ ನುಗ್ಗುವ ಬಾಯಿ) ಬಳಿ ಹನಿಗಳು ಹಾಳೆಗಳಾಗಿ ಎಳೆದುಕೊಂಡು ಮೇಲ್ಮೈಯ ಸಿಪ್ಪೆ ಏಳುತ್ತದೆ.

ಇನ್ನು ಮೂಲೆಯೇ ಏಕೆ? ಪೂರ್ತಿ ತಪ್ಪು ಮಾಲಿನದ್ದಲ್ಲದೆಯೂ ಇರಬಹುದು. ಶಾಟ್ ತೂಕವನ್ನು ಹಂತಹಂತವಾಗಿ ಕಡಿಮೆ ಮಾಡಿ ಅರೆಬರೆ ತುಂಬಿದ ಐದಾರು ಕ್ರೇಟ್ ತೆಗೆಯಿರಿ. ಮಾಲಿನ ಎರಡು ಪ್ರವಾಹ ಎಲ್ಲಿ ಬಂದು ಕೂಡುತ್ತವೆ ಎಂಬುದು ಕಣ್ಣಿಗೆ ಕಾಣುತ್ತದೆ. ಆ ವೆಲ್ಡ್ ಲೈನ್ ಮೂಲೆಯ ಮೇಲೇ ಹಾದುಹೋಗಿದ್ದರೆ, ಬೆರೆಯದ ಮಿಶ್ರಣಕ್ಕೆ ಅದು ಅತ್ಯಂತ ದುರ್ಬಲ ಜಾಗ: ಅಲ್ಲಿ ಹನಿಗಳು ಕೂಡುವ ಗೆರೆಯ ಉದ್ದಕ್ಕೂ ಚಪ್ಪಟೆಯಾಗಿ ಮಲಗುತ್ತವೆ, ಬಿರುಕಿಗೆ ಹಾಸಿದ ದಾರಿಯಾಗುತ್ತದೆ. ಜೊತೆಗೆ ಒಳಮೂಲೆ ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲೇ ಕೂಡುತ್ತದೆ. ಒಳಮೂಲೆಯ ತಿರುವಿನ ತ್ರಿಜ್ಯ ಗೋಡೆ ದಪ್ಪದ ಅರ್ಧಕ್ಕಾದರೂ ಬರುವಂತೆ ಟೂಲ್‌ರೂಮಿನಲ್ಲಿ ಅಚ್ಚನ್ನು ತಿದ್ದಿಸಿ, ಉದಾಹರಣೆಗೆ 2.5 ಮಿಮೀ ಗೋಡೆಗೆ 1.25. ಒಂದು ಸಲದ ಖರ್ಚು, ಪಿಒಇಯ ಪ್ರತಿ ಕಿಲೋ ಉಳಿತಾಯ.

ಪರೀಕ್ಷೆಯನ್ನು ಹೊಡೆದ ಕೂಡಲೇ ಮಾಡಬೇಡಿ. ಪಿಪಿಯ ಹರಳುಗಟ್ಟುವಿಕೆ ಅಚ್ಚಿನಿಂದ ಹೊರಬಂದ ಮೇಲೂ ಮುಂದುವರಿಯುತ್ತದೆ, 48 ತಾಸು ಬಿಡಿ. ಪ್ರತಿ ಬ್ಯಾಚಿನ ಹತ್ತು ಕ್ರೇಟಿಗೆ 20 ಕೆಜಿ ಮರಳಿನ ಮೂಟೆ ಇಟ್ಟು ಒಂದು ಮೀಟರ್ ಎತ್ತರದಿಂದ ಮೂಲೆ ಕೆಳಗಾಗಿ ಕಾಂಕ್ರೀಟ್ ನೆಲಕ್ಕೆ ಬಿಡಿ, ಎಷ್ಟನೇ ಪೆಟ್ಟಿಗೆ ಸೀಳಿತು ಎಂದು ಬರೆದಿಡಿ. ಪಿಪಿ ಸೊನ್ನೆ ಡಿಗ್ರಿ ಹತ್ತಿರವಾದಂತೆ ಪೆಡಸಾಗುತ್ತದೆ, ಆದ್ದರಿಂದ ಮಾರ್ಗಶಿರದ ಚಳಿಯ ಬೆಳಗಿನಲ್ಲಿ, ಇಲ್ಲವೇ ಪರಿಚಯದ ಶೀತಲಗೃಹದಲ್ಲಿ ರಾತ್ರಿಯಿಟ್ಟು ಇನ್ನೊಂದು ಸುತ್ತು ಮಾಡಿ. ಅಂಕಿ ಬೇಕಾದಾಗ ಮೈಸೂರಿನ ಸಿಪೆಟ್‌ಗೆ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಾಂತ್ರಿಕ ಸಂಸ್ಥೆ) ಮಾದರಿ ಕಳುಹಿಸಿ. ನಾಲ್ಕು ಪರೀಕ್ಷೆ ಕೇಳಿ: ಎಂಎಫ್‌ಐ, ಎಳೆತ, ಗೀರು ಹಾಕಿದ ಐಜೋಡ್ (ಪೆಟ್ಟಿನ ಪರೀಕ್ಷೆ), ಡಿಎಸ್‌ಸಿ (ಯಾವುದು ಎಷ್ಟು ಡಿಗ್ರಿಗೆ ಕರಗುತ್ತದೆ ಎಂದು ತೋರಿಸುವ ಪರೀಕ್ಷೆ). ಎಳೆತದಲ್ಲಿ ಬಲದ ಅಂಕಿಯನ್ನು ನೋಡಿ ಸಮಾಧಾನಪಡಬೇಡಿ, ಗಡಿ ಅಂಟದಿದ್ದರೂ ಅದು ಹೆಚ್ಚು ಬದಲಾಗುವುದಿಲ್ಲ. ಮುರಿಯುವ ಮುನ್ನ ಎಷ್ಟು ಪ್ರತಿಶತ ಹಿಗ್ಗಿತು ಎಂಬುದೇ ಹೊಂದಾಣಿಕೆಯ ನಿಜವಾದ ಅಳತೆ. ಡಿಎಸ್‌ಸಿ ನಕ್ಷೆಯಲ್ಲಿ 110ರ ಬಳಿ ಶಿಖರವಿದ್ದರೆ ಎಲ್‌ಡಿ, 130ರ ಬಳಿ ಎಚ್‌ಡಿ, 160-165ಕ್ಕೆ ಪಿಪಿ, 220ಕ್ಕೆ ನೈಲಾನ್ 6. ಗುಜರಿಯವರು ಹೇಳಿದ್ದಕ್ಕೂ ನಿಜಕ್ಕೂ ಎಷ್ಟು ದೂರ ಎಂಬುದು ಅಲ್ಲಿ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ. ಬಿಸಿಲಿಗೆ ಸಿಕ್ಕಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಹಳೇ ಚೀಲವನ್ನು ಮಾತ್ರ ಯಾವ ಬ್ಯಾಚಿಗೂ ಹಾಕಬೇಡಿ. ತುಂಡಾದ ಸರಪಳಿಯನ್ನು ಯಾವ ಕಾಂಪ್ಯಾಟಿಬಿಲೈಸರ್ ಕೂಡ ಮತ್ತೆ ಜೋಡಿಸುವುದಿಲ್ಲ.

ನೀವು ಕೊಂಡ ಗ್ರಾಫ್ಟೆಡ್ ಪಿಪಿಯ ವಿಷಯ ಉಳಿಯಿತು. ನಿಮ್ಮ ಮಾಲಿನಲ್ಲಿ ನಿಜವಾದ ನೈಲಾನ್ ಇದ್ದರೂ ಅದು ಅಲ್ಲಿ ಉಪಯೋಗಕ್ಕೆ ಬಂದಿಲ್ಲ: ನೈಲಾನ್ 6 ಕರಗುವುದೇ 220ಕ್ಕೆ, ನಿಮ್ಮ ಬ್ಯಾರೆಲ್ 200ರಲ್ಲಿ ಅದು ಕಲ್ಲಿನ ಹಾಗೆ ಹಾದುಹೋಗಿದೆ. ನೈಲಾನನ್ನೇ ಬೇರೆ ಸಂಗ್ರಹಿಸಿ, 80 ಡಿಗ್ರಿಯಲ್ಲಿ ಆರು ತಾಸಿಗೆ ಕಡಿಮೆಯಾಗದಂತೆ ಒಣಗಿಸಿ, 20% ನೈಲಾನ್, 75% ಪಿಪಿ, 5% ಗ್ರಾಫ್ಟೆಡ್ ಪಿಪಿ ಎಂದು 235-240ರಲ್ಲಿ ಎಳೆದರೆ ಅನ್‌ಹೈಡ್ರೈಡ್ ಮತ್ತು ಅಮೀನ್ ಬ್ಯಾರೆಲ್‌ನೊಳಗೇ ಬೆಸೆದುಕೊಳ್ಳುತ್ತವೆ. ಆ ಬಿಸಿಗೆ ಪಿವಿಸಿಯ ಒಂದು ಚೂರೂ ಇರಕೂಡದು, ಆಮ್ಲದ ಹೊಗೆ ಬಿಟ್ಟು ಸ್ಕ್ರೂವನ್ನೇ ತಿನ್ನುತ್ತದೆ. ನಿಮ್ಮ ಊರಿಗೆ ಇನ್ನೂ ಹೊಂದುವ ಉಪಯೋಗ ಕಾಫಿಯ ಪಾರ್ಚ್‌ಮೆಂಟ್ ಹೊಟ್ಟು (ಬೀಜದ ಮೇಲಿನ ಒಣ ಸಿಪ್ಪೆ). ಕ್ಯೂರಿಂಗ್ ವರ್ಕ್ಸ್‌ನಿಂದ ತಂದು, ಸಣ್ಣಗೆ ಬೀಸಿ, 105 ಡಿಗ್ರಿಯಲ್ಲಿ ತೇವ 1%ಕ್ಕಿಂತ ಕೆಳಗಿಳಿಯುವ ತನಕ ಒಣಗಿಸಿ, ಪಿಪಿಗೆ 20ರಿಂದ 30% ಹೊಟ್ಟು, 3ರಿಂದ 5% ಗ್ರಾಫ್ಟೆಡ್ ಪಿಪಿ ಹಾಕಿ. ಬ್ಯಾರೆಲ್ 190ರ ಒಳಗಿರಲಿ, 200 ದಾಟಿದರೆ ಹೊಟ್ಟು ಸುಟ್ಟು ಮಾಲು ಕಪ್ಪಾಗಿ ಗುಳ್ಳೆ ಏಳುತ್ತದೆ. ಬಿಗಿಯಾದ ಹಲಗೆ, ಗೂಟ, ಬೇಲಿಕಂಬದ ಟೋಪಿಯಂಥವಕ್ಕೆ ಇದು ಹೊಂದುತ್ತದೆ. ಪೆಟ್ಟು ತಿನ್ನುವ ಕ್ರೇಟಿಗೆ ಹೊಂದುವುದಿಲ್ಲ.